ನೇರಳೆ ಚಿತ್ರಗಳೂ ನಿಂಗಮ್ಮನ ತೋರುಬೆರಳೂ

ಪೆಥಾಲಜಿ ಓದಲು ಹೊರಟಿರುವ ಹುಡುಗಿಯೊಬ್ಬಳು ಮೊನ್ನೆ ನಮ್ಮ ಮನೆಗೆ ಬಂದಿದ್ದಳು. ಕಾಫಿ ಕುಡಿದು ಲೋಟ ಕೆಳಗಿಡುತ್ತಾ, "ಆಂಟಿ, ನಿಮ್ಮ ಕಾಲದಲ್ಲಿ ಸ್ಲೈಡ್ ಸ್ಕ್ಯಾನರ್ ಯಾವ ಕಂಪನೀದಿತ್ತು?" ಎಂದು ಕೇಳಿದಳು. ನಮ್ಮ ಹತ್ತಿರ ಸ್ಕ್ಯಾನರ್ ಇರಲಿಲ್ಲ, ಜಯಣ್ಣ ಇದ್ದ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅವಳಿಗೂ ಅವಳ ಜೊತೆಯವರಿಗೂ ಅರ್ಥವಾಗಲಿ ಎಂದು ಇದನ್ನು ಬರೆಯಲು ಕೂತಿದ್ದೇನೆ. ನಾನು ಯಾವ ವರ್ಷ ಏನಾದೆ ಎನ್ನುವುದನ್ನು ಬಿಟ್ಟುಬಿಡುತ್ತೇನೆ, ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ.

ಹಾಸನದಲ್ಲಿ ನಾನು ಮಾಡಿದ್ದು ಪೆಥಾಲಜಿಸ್ಟ್ ಕೆಲಸ. ಸರ್ಜನ್ನರು ಕತ್ತರಿಸಿ ತೆಗೆದ ಮಾಂಸದ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕೊಯ್ದು, ಸ್ಲೈಡ್ ಎನ್ನುವ ಗಾಜಿನ ಪಟ್ಟಿಗೆ ಅಂಟಿಸಿ, ನೇರಳೆ ಮತ್ತು ಗುಲಾಬಿ ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಕ್ಯಾನ್ಸರೋ ಅಲ್ಲವೋ ಎಂದು ಬರೆದುಕೊಡುವ ಕೆಲಸ. ಮದುವೆ ಮನೆಗಳಲ್ಲಿ ಪಕ್ಕದ ಎಲೆಯವರು "ನೀವು ಯಾವ ಡಾಕ್ಟ್ರು?" ಎಂದು ಕೇಳಿದಾಗ ನಾನು ಇಷ್ಟೂ ವಿವರಿಸುತ್ತಿದ್ದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವರು ಪಾಯಸ ಬಡಿಸುವವನನ್ನು ಜೋರಾಗಿ ಕೂಗಿ ಕರೆಯುತ್ತಿದ್ದರು.

ನಾನು ಸೇರಿದ ಲ್ಯಾಬು ಡಾಕ್ಟರ್ ನಂಜುಂಡಯ್ಯನವರದು. ನಾವೆಲ್ಲ ಅವರನ್ನು ದೊಡ್ಡ ಡಾಕ್ಟ್ರು ಎನ್ನುತ್ತಿದ್ದೆವು. ತೊಂಬತ್ತರ ದಶಕದ ಮೊದಲಲ್ಲಿ ಅವರ ಹತ್ತಿರ ಇದ್ದದ್ದು ಹಿತ್ತಾಳೆಯ ಹಳೆಯ ಮೈಕ್ರೋಸ್ಕೋಪು. ಅದಕ್ಕೆ ಬಲ್ಬಿಲ್ಲ, ಅಡಿಯಲ್ಲೊಂದು ಕನ್ನಡಿ. ಕಿಟಕಿಯಿಂದ ಬರುವ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಸ್ಲೈಡಿನ ಕೆಳಗೆ ಬಿಡಬೇಕು. ಜೂನ್, ಜುಲೈ ಬಂತೆಂದರೆ ಹಾಸನದಲ್ಲಿ ಮೋಡ ಕವಿಯುತ್ತಿತ್ತು, ನಮ್ಮ ರಿಪೋರ್ಟುಗಳೂ ಕವಿಯುತ್ತಿದ್ದವು. ಯಾರಾದರೂ ಸರ್ಜನ್ ಫೋನ್ ಮಾಡಿ ರಿಪೋರ್ಟ್ ಎಲ್ಲಿ ಎಂದರೆ ದೊಡ್ಡ ಡಾಕ್ಟ್ರು ಕಿಟಕಿಯತ್ತ ಬಗ್ಗಿ ನೋಡಿ, "ಸೂರ್ಯ ಇನ್ನೂ ಡ್ಯೂಟಿಗೆ ಬಂದಿಲ್ಲಪ್ಪ" ಎನ್ನುತ್ತಿದ್ದರು. ಕೊನೆಗೆ ಬಲ್ಬಿರುವ ಹೊಸ ಮೈಕ್ರೋಸ್ಕೋಪು ಬಂತು. ಅದರ ಜೊತೆ ಒಂದು ನೀಲಿ ಗಾಜಿನ ಬಿಲ್ಲೆಯೂ ಬಂತು. ಬಲ್ಬಿನ ಹಳದಿ ಬೆಳಕನ್ನು ಹಗಲಿನ ಬೆಳಕಿನ ಹಾಗೆ ಬೆಳ್ಳಗೆ ಮಾಡಲು ಅದನ್ನು ಬಲ್ಬಿನ ಮೇಲಿಡಬೇಕು. ದೊಡ್ಡ ಡಾಕ್ಟ್ರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಎಷ್ಟು ಚೆನ್ನಾಗಿದೆ, ಒಡೆದು ಹೋದರೆ ಎಲ್ಲಿ ತರೋದು ಎಂದು ಹತ್ತಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮನೆಯಲ್ಲಿ ಒಳ್ಳೆಯ ಕಪ್-ಸಾಸರುಗಳನ್ನು ಎಲ್ಲಿಡುತ್ತೇವೋ ಅಲ್ಲಿಗೇ ಅದೂ ಸೇರಿತು ಅನ್ನಿ.

ಮಾಂಸದ ಚೂರುಗಳು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದವು. ಅಲ್ಲಿಯ ಕಾಂಪೌಂಡರು ಡಬ್ಬಿಗೆ ಮಾಂಸ ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರವ ಸುರಿದು, ಚೂರು ಹಾಕಿ, ಮುಚ್ಚಳಕ್ಕೆ ಪ್ಲಾಸ್ಟರು ಸುತ್ತಿ ಕಂಡಕ್ಟರ್ ಕೈಗೆ ಕೊಡುತ್ತಿದ್ದ. ಜಯಣ್ಣ ಬಸ್‌ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡು ಬರುತ್ತಿದ್ದ. ಜಯಣ್ಣ ನಮ್ಮ ಟೆಕ್ನಿಷಿಯನ್, ಆಳು ಸಣಕಲು, ದನಿ ಮಾತ್ರ ಬಸ್ಸಿನ ಹಾರನ್ನು. ಒಮ್ಮೆ ಅರಕಲಗೂಡಿನ ಡಬ್ಬಿಯ ಪ್ಲಾಸ್ಟರು ಬಿಚ್ಚಿ ಮುಚ್ಚಳ ತೆಗೆದವನು, "ಮೇಡಂ, ಇದ್ಯಾಕೋ ಘಮಘಮ ಅಂತೈತೆ" ಅಂದ. ಒಳಗೆ ಹೇರಳೆಕಾಯಿ ಉಪ್ಪಿನಕಾಯಿ ಇತ್ತು. ಕಂಡಕ್ಟರು ತನ್ನ ಅಕ್ಕನ ಮನೆಗೆ ತಂದ ಡಬ್ಬಿಯನ್ನು ನಮಗೆ ಕೊಟ್ಟು, ನಮ್ಮದನ್ನು ಅಕ್ಕನ ಮನೆಗೆ ಕೊಟ್ಟಿದ್ದ. ಪುಣ್ಯಕ್ಕೆ ಫಾರ್ಮಲಿನ್ ವಾಸನೆ ಎಂಥವರ ಮೂಗನ್ನೂ ಸುಡುತ್ತದೆ. ಆ ಅಕ್ಕ ಮುಚ್ಚಳ ತೆಗೆದವಳೇ ಮುಚ್ಚಿ, ಸೆರಗು ಮೂಗಿಗೆ ಒತ್ತಿಕೊಂಡು ಆಟೋದಲ್ಲಿ ಲ್ಯಾಬಿಗೇ ಬಂದಳು. "ನಮ್ಮವ್ವ ಈ ಸತಿ ಉಪ್ಪಿನ್‌ಕಾಯಿಗೆ ಏನಾಕವ್ಳೆ ಅಂತ ಗೊತ್ತಾಗ್ನಿಲ್ಲ ಕಣಮ್ಮ" ಎಂದಳು. ಡಬ್ಬಿಗಳನ್ನು ಅದಲು ಬದಲು ಮಾಡಿಕೊಂಡೆವು. ಅಂದಿನಿಂದ ನಮ್ಮ ಡಬ್ಬಿಗಳಿಗೆ ಕೆಂಪು ಬಟ್ಟೆ ಸುತ್ತುವ ಪದ್ಧತಿ ಬಂತು.

ಈಗ ಡಾಕ್ಟರ್ ರಂಗನಾಥರ ವಿಷಯಕ್ಕೆ ಬರುತ್ತೇನೆ. ಅವರು ಚರ್ಮದ ಸರ್ಜನ್, ಚನ್ನರಾಯಪಟ್ಟಣದವರು. ಹಾಸನದಲ್ಲಿ ಚಿಕ್ಕ ನರ್ಸಿಂಗ್ ಹೋಮ್ ಇಟ್ಟುಕೊಂಡು, ವಾರದಲ್ಲಿ ಒಂದೊಂದು ದಿನ ಉಳಿದ ಊರುಗಳಿಗೂ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದರು. ಕೈ ಬಹಳ ಚೊಕ್ಕಟ, ಅವರು ಹಾಕಿದ ಹೊಲಿಗೆಯನ್ನು ಮೂರು ತಿಂಗಳಾದ ಮೇಲೆ ಹುಡುಕಬೇಕಾಗುತ್ತಿತ್ತು. ಅವರಿಗೆ ಇಲ್ಲದೇ ಇದ್ದದ್ದು ತಾಳ್ಮೆ ಮತ್ತು ಓದಬಹುದಾದ ಅಕ್ಷರ. ಚರ್ಮದ ಕ್ಯಾನ್ಸರಿನಲ್ಲಿ ಎಷ್ಟು ಕತ್ತರಿಸಬೇಕು ಎನ್ನುವುದೇ ದೊಡ್ಡ ಪ್ರಶ್ನೆ. ಕಡಿಮೆ ತೆಗೆದರೆ ರೋಗ ಉಳಿಯುತ್ತದೆ, ಹೆಚ್ಚು ತೆಗೆದರೆ ಮೂಗೋ ಕಣ್ಣಿನ ರೆಪ್ಪೆಯೋ ಉಳಿಯುವುದಿಲ್ಲ. ಅದನ್ನು ಹೇಳಬೇಕಾದವಳು ನಾನು. ನನಗೆ ಹೊಟ್ಟೆ, ಗರ್ಭಕೋಶ, ಥೈರಾಯ್ಡ್ ಎಲ್ಲ ಚೆನ್ನಾಗಿ ಗೊತ್ತಿತ್ತು, ಚರ್ಮ ಮಾತ್ರ ಕಣ್ಣಾಮುಚ್ಚಾಲೆ ಆಡಿಸುತ್ತಿತ್ತು. ಅನುಮಾನ ಬಂದ ಸ್ಲೈಡುಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಯಾರಾದರೂ ಹೋಗುವವರ ಕೈಯಲ್ಲಿ ಮೈಸೂರಿಗೆ ಕಳಿಸುತ್ತಿದ್ದೆವು. ಅರ್ಧ ಸ್ಲೈಡುಗಳು ದಾರಿಯಲ್ಲೇ ಒಡೆಯುತ್ತಿದ್ದವು. ಉಳಿದರ್ಧಕ್ಕೆ ಉತ್ತರ ಬರುವಷ್ಟರಲ್ಲಿ ರೋಗಿ ಧರ್ಮಸ್ಥಳಕ್ಕೆ ಹರಕೆ ಹೊತ್ತು, ತೀರಿಸಿ, ಬಂದು ನಮ್ಮ ಬೆಂಚಿನ ಮೇಲೆ ಕೂತಿರುತ್ತಿದ್ದ.

ಎರಡು ಸಾವಿರದ ಇಸವಿ ಕಳೆದ ಮೇಲೆ ರಂಗನಾಥರ ಭಾವಮೈದುನ ದುಬೈಯಿಂದ ಒಂದು ಡಿಜಿಟಲ್ ಕ್ಯಾಮೆರಾ ತಂದುಕೊಟ್ಟ. ಮಕ್ಕಳ ಹುಟ್ಟುಹಬ್ಬ ತೆಗೆಯಲಿ ಎಂದು ಕೊಟ್ಟಿದ್ದು. ರಂಗನಾಥರು ಅದನ್ನು ನೇರ ನಮ್ಮ ಲ್ಯಾಬಿಗೆ ತಂದು, "ಮೇಡಂ, ಇದನ್ನ ಮೈಕ್ರೋಸ್ಕೋಪಿಗೆ ಕಚ್ಚಿಸಿ, ಫೋಟೋ ತೆಗೀರಿ, ಈಮೇಲ್ ಮಾಡೋಣ" ಎಂದರು. ಕಚ್ಚಿಸುವುದು ಹೇಗೆ? ಜಯಣ್ಣ ಹಾರ್ಡ್‌ವೇರ್ ಅಂಗಡಿಗೆ ಹೋಗಿ ನೀರಿನ ಪೈಪಿಗೆ ಹಾಕುವ ಪಿವಿಸಿ ಜಾಯಿಂಟುಗಳನ್ನು ಒಂದು ಚೀಲ ತಂದ. ಒಂದೊಂದನ್ನೇ ಮೈಕ್ರೋಸ್ಕೋಪಿನ ಕಣ್ಣಿಗೆ ಇಟ್ಟು, ತೆಗೆದು, ಮರಳು ಕಾಗದದಲ್ಲಿ ಉಜ್ಜಿ, ಕೊನೆಗೆ ಒಂದು ಬಿಗಿಯಾಗಿ ಕೂತಿತು. ಅಂಗಡಿಯವನು ಮಾರನೇ ದಿನ ಬಂದು, "ಲ್ಯಾಬಲ್ಲಿ ನಲ್ಲಿ ಸೋರ್ತಾ ಇತ್ತಂತೆ, ಸರಿಹೋಯ್ತಾ?" ಎಂದು ವಿಚಾರಿಸಿಕೊಂಡು ಹೋದ. ಫೋಟೋ ತೆಗೆಯುವಾಗ ಯಾರೂ ಓಡಾಡುವಂತಿರಲಿಲ್ಲ. ಜಯಣ್ಣ ಉಸಿರು ಬಿಗಿಹಿಡಿದು ಗುಂಡಿ ಒತ್ತುತ್ತಿದ್ದ. ಹೊರಗೆ ಲಾರಿ ಹೋದರೆ ಚಿತ್ರ ನಡುಗುತ್ತಿತ್ತು, ಮತ್ತೆ ಮೊದಲಿಂದ ಶುರು.

ಚಿತ್ರಗಳನ್ನು ನೋಡಲು ಸಿಕ್ಕಿದವರು ಕುಲಕರ್ಣಿ ಮೇಡಂ. ರಂಗನಾಥರಿಗೆ ಒಂದು ಕಾನ್ಫರೆನ್ಸಿನಲ್ಲಿ ಪರಿಚಯವಾದವರು. ಧಾರವಾಡದ ಹೆಣ್ಣುಮಗಳು, ಉತ್ತರದ ಯಾವುದೋ ದೊಡ್ಡ ಆಸ್ಪತ್ರೆಯಲ್ಲಿ ಚರ್ಮದ ಸ್ಲೈಡುಗಳನ್ನು ನೋಡುವುದೇ ಅವರ ಕೆಲಸ. ನಾವು ಸೈಬರ್ ಸೆಂಟರಿಗೆ ಹೋಗಿ ಚಿತ್ರಗಳನ್ನು ಚಿಕ್ಕದು ಮಾಡಿ, ಒಂದೊಂದಾಗಿ ಈಮೇಲ್ ಮಾಡುತ್ತಿದ್ದೆವು. ಆಗ ಇಂಟರ್ನೆಟ್ಟು ಟೆಲಿಫೋನ್ ತಂತಿಯಲ್ಲಿ ಬರುತ್ತಿತ್ತು. ಒಂದು ಚಿತ್ರ ಹೋಗುವಷ್ಟರಲ್ಲಿ ಜಯಣ್ಣ ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ ಮುಗಿಸುತ್ತಿದ್ದ. ಇನ್ನೇನು ಹೋಯಿತು ಅನ್ನುವಾಗ ಕರೆಂಟು ಹೋಗುತ್ತಿತ್ತು. ಒಮ್ಮೆ ಪಕ್ಕದ ಕಂಪ್ಯೂಟರಿನಲ್ಲಿ ಮಗಳ ಜಾತಕ ಕಳಿಸುತ್ತಿದ್ದ ಹೆಂಗಸೊಬ್ಬರು ನಮ್ಮ ಪರದೆಯನ್ನೇ ಬಗ್ಗಿ ಬಗ್ಗಿ ನೋಡಿ, "ಬಾರ್ಡರ್ ತುಂಬಾ ಚೆನ್ನಾಗಿದೆ. ಯಾವ ಅಂಗಡಿ ಸೀರೆ?" ಎಂದು ಕೇಳಿದರು. ಅದು ಒಬ್ಬರ ಬೆನ್ನಿನ ಚರ್ಮ ಎಂದು ನಾನು ಹೇಳಲಿಲ್ಲ. ಸ್ಟಾಕು ಮುಗಿದಿದೆಯಂತೆ ಎಂದೆ.

ಕುಲಕರ್ಣಿ ಮೇಡಂ ಮೊದಲ ಸಲ ಫೋನ್ ಮಾಡಿದ್ದು ಬೈಯಲಿಕ್ಕೆ. "ಏನ್ರೀ ಲಲಿತಾ, ನೀವು ಕಳಿಸಿದ್ದು ಚರ್ಮನೋ ಮೋಡಾನೋ? ನಂಗ ಏನೂ ತಿಳೀವಲ್ದು" ಎಂದರು. ಎರಡನೇ ಸಲ ಚಿತ್ರ ಸ್ಪಷ್ಟವಿತ್ತು, ಆಗಲೂ ಬೈದರು. ಹೊಳೆನರಸೀಪುರದ ಮೇಷ್ಟರೊಬ್ಬರ ಕೆನ್ನೆಯ ಮಚ್ಚೆ ಅದು. ನಾನು ಸ್ಲೈಡಿನಲ್ಲಿ ಎಲ್ಲಿ ಬಣ್ಣ ಚೆನ್ನಾಗಿ ಹಿಡಿದಿದೆಯೋ, ಎಲ್ಲಿ ಮಡಿಕೆ ಇಲ್ಲವೋ, ಅಂಥ ಕಡೆ ಮಾತ್ರ ಆರಿಸಿ ಫೋಟೋ ತೆಗೆಸಿದ್ದೆ. "ಛಂದ ಇದ್ದದ್ದಷ್ಟ ಕಳಸಬ್ಯಾಡ್ರಿ. ಹೊಲಸ ಇದ್ದದ್ದನ್ನೂ ಕಳಸ್ರಿ. ರೋಗ ಇರೂದು ಅಲ್ಲೇ" ಎಂದರು. ದೊಡ್ಡ ಡಾಕ್ಟ್ರಿಗೆ ಇದನ್ನು ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮ ಚಿಕ್ಕಪ್ಪ ಫೋಟೋ ನೋಡಿ ಹೆಣ್ಣು ಒಪ್ಪಿದ್ರು ಕಣಮ್ಮ. ಒಂದೇ ಕಡೆಯಿಂದ ತೆಗೆಸಿದ ಫೋಟೋ. ಇನ್ನೊಂದು ಕಡೆ ಏನಿತ್ತು ಅಂತ ಧಾರೆ ಆದ್ಮೇಲೆ ಗೊತ್ತಾಯ್ತು" ಎಂದರು. ಏನಿತ್ತು ಎಂದು ನಾನು ಕೇಳಿದೆ. ಚಿಕ್ಕಮ್ಮ ಇನ್ನೂ ಇದ್ದಾರೆ, ಹೇಳಬಾರದು ಎಂದರು. ಮೇಷ್ಟರ ಮಚ್ಚೆ ಕೊನೆಗೂ ಬರೀ ಮಚ್ಚೆಯೇ ಆಗಿತ್ತು.

ಇಂಥ ತಪ್ಪುಗಳಿಂದ ಯಾರಿಗೂ ನೋವಾಗಿರಲಿಲ್ಲ, ಹಾಗಾಗಿ ನಗುತ್ತಲೇ ಇದ್ದೆವು. ಆಮೇಲೆ ನಿಂಗಮ್ಮ ಬಂದಳು.

ಗೊರೂರಿನ ಕಡೆಯವಳು. ಹೇಮಾವತಿಯ ಹಿನ್ನೀರಿನಲ್ಲಿ ಮೀನು ಹಿಡಿಯುವವರಿಗೆ ಬಲೆ ಹೆಣೆದು ಕೊಡುತ್ತಿದ್ದಳು, ಹರಿದದ್ದನ್ನು ಸರಿ ಮಾಡುತ್ತಿದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಎಡಗೈ ತೋರುಬೆರಳಿನ ಬುಡದಲ್ಲಿ ಒಂದು ಗಂಟು ಎದ್ದಿತ್ತು. ರಂಗನಾಥರು ಅದರಿಂದ ಸಣ್ಣ ಚೂರು ತೆಗೆದು, ಕೈಗೆ ಮಣಿಕಟ್ಟಿನವರೆಗೂ ದಪ್ಪ ಪಟ್ಟಿ ಸುತ್ತಿ, ಚೂರನ್ನು ನಮಗೆ ಕಳಿಸಿದರು. ಜೊತೆಯ ಚೀಟಿಯಲ್ಲಿ ತಮ್ಮ ಕೋಳಿ ಕಾಲಿನ ಅಕ್ಷರದಲ್ಲಿ, ಎಡಗೈ ಬೆರಳಿನ ಬುಡದಲ್ಲಿ ಕಪ್ಪು ಗಂಟು, ಈಚೆಗೆ ಬೆಳೆಯುತ್ತಿದೆ ಎಂದಷ್ಟೇ ಬರೆದಿದ್ದರು.

ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದೆ. ಮೇಲಿನ ಚರ್ಮ ದಪ್ಪಗಾಗಿ ನಾಲಗೆ ನಾಲಗೆಯಾಗಿ ಕೆಳಗಿಳಿದಿತ್ತು. ಅದರಡಿಯಲ್ಲಿ ಜೀವಕಣಗಳ ತುಂಬ ಕಡು ಬಣ್ಣದ ಪುಡಿ. ನಮ್ಮ ಬಲ್ಬಿನ ಹಳದಿ ಬೆಳಕಿನಲ್ಲಿ ಆ ಪುಡಿ ಕಂದಾಗಿ ಕಾಣುತ್ತಿತ್ತು. ಕಂದು ಪುಡಿ ಎಂದರೆ ಮೊದಲು ನೆನಪಾಗುವುದು ಮೆಲನೋಮಾ. ಚರ್ಮಕ್ಕೆ ಬಣ್ಣ ಕೊಡುವ ಕಣಗಳಲ್ಲೇ ಹುಟ್ಟಿ ಮೈಯೆಲ್ಲ ಹರಡುವ ಕ್ಯಾನ್ಸರ್ ಅದು, ಚರ್ಮದ ರೋಗಗಳಲ್ಲೆಲ್ಲ ಕೆಟ್ಟದ್ದು. ಚಂದದ್ದು, ಹೊಲಸಿನದು ಎರಡನ್ನೂ ಫೋಟೋ ತೆಗೆಸಿ ಕಳಿಸಿದೆವು. ಕ್ಯಾಮೆರಾದಲ್ಲಿ ಬಣ್ಣ ಇನ್ನಷ್ಟು ಕಂದಾಯಿತು, ಚಿಕ್ಕದು ಮಾಡಿದ ಮೇಲೆ ಪುಡಿಯೆಲ್ಲ ಕಲಸಿಕೊಂಡಿತು. ಕುಲಕರ್ಣಿ ಮೇಡಂ ಬರೆದ ಉತ್ತರ ಹೀಗಿತ್ತು: ಈ ಚಿತ್ರಗಳಲ್ಲಿ ಮೆಲನೋಮಾ ಅಲ್ಲವೆಂದು ಹೇಳಲು ಆಗುವುದಿಲ್ಲ, ಹೌದಾದರೆ ಬೆರಳನ್ನು ಬುಡದಿಂದಲೇ ತೆಗೆಯಬೇಕು.

ರಂಗನಾಥರಿಗೆ ಅಷ್ಟು ಸಾಕಾಯಿತು. ರೋಗ ಕಾಯುವುದಿಲ್ಲ ಎಂದು ಆಪರೇಷನ್ ದಿನ ಗೊತ್ತು ಮಾಡಿ ನಿಂಗಮ್ಮನನ್ನು ಕರೆಸಿದರು. ಆವತ್ತು ನಾನೂ ಅಲ್ಲಿದ್ದೆ. ಅವಳು ಸೊಸೆಯ ಜೊತೆ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ರಂಗನಾಥರು ಸಮಾಧಾನದ ದನಿಯಲ್ಲಿ, "ಎಡಗೈ ತಾನೆ ನಿಂಗಮ್ಮ. ಬಲಗೈ ಇರುತ್ತಲ್ಲ" ಎಂದರು.

ಅವಳು ಪಟ್ಟಿ ಸುತ್ತಿದ ಕೈಯನ್ನು ಮಡಿಲಿನಲ್ಲಿಟ್ಟುಕೊಂಡು ಅದನ್ನೇ ನೋಡಿದಳು. "ಬಲಗೈ ಗಂಟಾಕ್ತದೆ ಸಾ. ಬಲೆ ಕಣ್ಣು ಎಷ್ಟಗ್ಲ ಇರ್ಬೇಕು ಅಂತ ಈ ಬೆಟ್ಟಿನ್ ಮ್ಯಾಲೇ ಅಳ್ಯೋದು. ಇದಿಲ್ದಿದ್ರೆ ಒಂದ್ ಕಣ್ಣಲ್ಲಿ ಮೀನು ತೂರ್ತದೆ, ಒಂದ್ ಕಣ್ಣಲ್ಲಿ ಬೆಟ್ಟೂ ತೂರಕಿಲ್ಲ" ಎಂದಳು. ಸೊಸೆ, "ನಾನ್ ಕಲ್ತ್ಕತೀನಿ ಬುಡತ್ತೆ" ಎಂದಳು. "ನೀನ್ ಕಲ್ತ್ಕಳೋವರ್ಗೂ ಮೀನು ಕಾದ್ಕಂಡ್ ಕುಂತಿರ್ತಾವಾ?" ಎಂದು ನಿಂಗಮ್ಮ ನಗಲು ನೋಡಿದಳು. ನಗು ಬರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು: "ತಗುದ್ರೆ ಜೀವ ಉಳೀತದಾ ಸಾ?" ಉಳಿಯುತ್ತದೆ ಎಂದು ರಂಗನಾಥರು ಹೇಳಿದರು. "ಅಂಗಾರೆ ತಗೀರಿ" ಎಂದಳು. ನನಗೆ ಅಲ್ಲಿ ಕೂರಲು ಆಗದೆ ಎದ್ದು ಬಂದೆ.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಕುಲಕರ್ಣಿ ಮೇಡಂ ಫೋನ್ ಮಾಡಿದರು. ಈ ಸಲ ಬೈಗುಳ ಇರಲಿಲ್ಲ. "ಲಲಿತಾ, ಆ ಬೆರಳು ತಗದ್ರೇನು?"

"ನಾಳೆ ಮೇಡಂ."

"ನಂಗ ಯಾಕೋ ಸಮಾಧಾನ ಆಗವಲ್ದು. ಬಣ್ಣ ಭಾಳ ಅದ, ಖರೆ. ಆದ್ರ ಬಣ್ಣದ ಸುತ್ತ ಗದ್ದಲ ಇಲ್ಲ. ಕಳ್ಳ ಹೊಕ್ಕ ಮನ್ಯಾಗ ಇಷ್ಟು ಶಾಂತಿ ಇರೂದಿಲ್ಲ. ಆ ಕೈ ಹೆಂಗದ? ಚೂರು ತೋರಿಸೀರಿ, ಕೈನ ತೋರಿಸಿಲ್ಲಲ್ರೀ ನೀವು."

ನಾನೂ ನೋಡಿಲ್ಲ ಎಂದೆ. "ಹೋಗಿ ನೋಡ್ರಿ ಮೊದಲ" ಎಂದು ಫೋನಿಟ್ಟರು.

ಕ್ಯಾಮೆರಾವನ್ನು ಪಿವಿಸಿ ಜಾಯಿಂಟಿನಿಂದ ಬಿಚ್ಚಿಕೊಂಡು ಜಯಣ್ಣನನ್ನೂ ಕರೆದುಕೊಂಡು ನರ್ಸಿಂಗ್ ಹೋಮಿಗೆ ಹೋದೆ. ನಿಂಗಮ್ಮ ಆಗಲೇ ಅಡ್ಮಿಟ್ ಆಗಿದ್ದಳು. ರಂಗನಾಥರು ಗೊಣಗುತ್ತಾ ಪಟ್ಟಿ ಬಿಚ್ಚಿದರು. ಒಂದು ಸುತ್ತು, ಎರಡು ಸುತ್ತು. ಮೊದಲು ಮಣಿಕಟ್ಟಿನ ಹತ್ತಿರ ಎರಡು ಇಕ್ಕಳ ಕಂಡವು, ಆಮೇಲೆ ಸಾಲಾಗಿ ಕಾಲುಗಳು, ಮುಂಗೈ ಮೇಲೆ ಉದ್ದಕ್ಕೂ ಮೈ. ಅದರ ಬಾಲ ಸುತ್ತಿಕೊಂಡು ತೋರುಬೆರಳಿನ ಬುಡಕ್ಕೆ ಹೋಗಿತ್ತು. ಬಾಲದ ತುದಿಯಲ್ಲಿ ಗಂಟು ಕೂತಿತ್ತು.

ಚೇಳು. ಹಸಿರು ಮಿಶ್ರಿತ ಕಪ್ಪಿನ ಹಚ್ಚೆ.

"ರಂಗನಾಥ್, ಇದು ಹಚ್ಚೆ ಅಲ್ವೇನ್ರೀ!" ಎಂದೆ.

"ಹೌದು" ಎಂದರು ಅವರು, ಇದರಲ್ಲೇನಿದೆ ಎನ್ನುವ ಹಾಗೆ. "ಎಲ್ಲಾ ಅಜ್ಜೀರಿಗೂ ಇರುತ್ತಲ್ಲ ಮೇಡಂ. ಅದನ್ನೂ ಬರೀಬೇಕಾ? ಎರಡು ಕಿವಿ ಇದೆ ಅಂತ ಬರೀತೀವಾ?"

ಅವರು ಹೇಳಿದ್ದು ಸುಳ್ಳಲ್ಲ. ನಮ್ಮಜ್ಜಿಯ ಹಣೆಯ ಮೇಲಿತ್ತು, ದೊಡ್ಡ ಡಾಕ್ಟ್ರ ತಾಯಿಯ ಮುಂಗೈ ಮೇಲಿತ್ತು. ಹಾಸನದ ಸುತ್ತ ಯಾವ ಊರಿನ ಯಾವ ಜಗಲಿಯಲ್ಲಿ ನೋಡಿದರೂ ಹಚ್ಚೆಯ ಕೈಗಳೇ. ಅಷ್ಟೊಂದು ನೋಡಿ ನೋಡಿ ನಮಗೆ ಅದು ಕಾಣುವುದೇ ನಿಂತುಹೋಗಿತ್ತು. ಮೈಕ್ರೋಸ್ಕೋಪಿನಲ್ಲಿ ಮಾತ್ರ ಕಂಡಿತು, ಅಲ್ಲಿ ಅದು ಹಚ್ಚೆ ಎಂದು ಹೊಳೆಯಲಿಲ್ಲ. ರಂಗನಾಥರಿಗೆ ಇದು ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು.

"ಏನಾಯ್ತವ್ವ?" ಎಂದಳು ನಿಂಗಮ್ಮ. "ಇದನ್ನ ನಾನು ಮದ್ವೆಗ್ ಮುಂಚೆ ಉಯ್ಸ್ಕಂಡಿದ್ದು. ಅಚ್ಚೆ ಉಯ್ಯೋ ಕೊರಮ್ರವ್ವ ಬಂದಿದ್ಲು, ಮೂರ್ ಸೇರ್ ರಾಗಿ ತಕ್ಕಂಡ್ಲು. ಎಂಗ್ ಅತ್ತಿದ್ದೆ ಗೊತ್ತಾ!"

ಕೈಯ ಫೋಟೋ ಹೋಯಿತು. ಮಧ್ಯಾಹ್ನ ಮೇಡಂ ಫೋನಿನಲ್ಲಿ ಮೊದಲು ನಕ್ಕರು, ಆಮೇಲೆ ಬೈದರು, ಆಮೇಲೆ ಗಂಭೀರವಾದರು. "ಹಚ್ಚಿ ಅದ ಅಂದ ಮಾತ್ರಕ್ಕ ಮೆಲನೋಮಾ ಇಲ್ಲ ಅಂತಲ್ಲ. ಹಚ್ಚಿ ಒಳಗೂ ಅದು ಬರತದ. ಬ್ಲೀಚ್ ಮಾಡಿ ನೋಡ್ರಿ" ಎಂದರು. ಚರ್ಮದ ಸಹಜ ಬಣ್ಣ ಪರ್ಮಾಂಗನೇಟಿನಲ್ಲಿ ನೆನೆಸಿ, ಆಕ್ಸಾಲಿಕ್ ಆಸಿಡ್ಡಿನಲ್ಲಿ ತೊಳೆದರೆ ಮಾಯವಾಗುತ್ತದೆ. ಹಚ್ಚೆಯ ಬಣ್ಣ ದೀಪದ ಮಸಿ, ಅದು ಏನು ಮಾಡಿದರೂ ಹೋಗುವುದಿಲ್ಲ. ಪುಡಿ ಹೋದರೆ ಬೆರಳು ಹೋದ ಹಾಗೆ, ಪುಡಿ ಉಳಿದರೆ ಬೆರಳು ಉಳಿದ ಹಾಗೆ.

ಪರ್ಮಾಂಗನೇಟು ಬಾವಿಗೆ ಹಾಕಲೆಂದು ಎಲ್ಲ ಔಷಧಿ ಅಂಗಡಿಯಲ್ಲೂ ಸಿಗುತ್ತಿತ್ತು. ಆಕ್ಸಾಲಿಕ್ ಆಸಿಡ್ ನಮ್ಮಲ್ಲಿ ಮುಗಿದಿತ್ತು. ಜಯಣ್ಣ ಹೊಸ ಬಡಾವಣೆಯಲ್ಲಿ ಮನೆ ಕಟ್ಟುವ ಕಡೆ ಓಡಿ, ನೆಲಕ್ಕೆ ಪಾಲಿಶ್ ಹಾಕುವವರ ಹತ್ತಿರ ಒಂದು ಪೊಟ್ಟಣ ಬೇಡಿ ತಂದ. "ಏನ್ಕ್ ಅಂದ್ರು. ಒಬ್ರ ಬೆಟ್ಟು ಪಾಲಿಶ್ ಮಾಡ್ಬೇಕು ಅಂದೆ" ಎಂದ. ದೊಡ್ಡ ಡಾಕ್ಟ್ರು ತಾವಾಗಿಯೇ ಬೀರುವಿನ ಬೀಗ ತೆಗೆದು, ಹತ್ತಿಯಿಂದ ನೀಲಿ ಗಾಜನ್ನು ಬಿಡಿಸಿ ಮೈಕ್ರೋಸ್ಕೋಪಿನ ಮೇಲೆ ತಂದಿಟ್ಟರು. ಅವರೇ, "ಒಡೆದ್ರೆ ಒಡೀಲಿ ಬಿಡಮ್ಮ" ಎಂದರು.

ಎರಡು ಸ್ಲೈಡ್ ಒಟ್ಟಿಗೆ ಹಾಕಿದೆ. ಒಂದು ನಿಂಗಮ್ಮನದು, ಇನ್ನೊಂದು ಹೊಳೆನರಸೀಪುರದ ಮೇಷ್ಟರ ಮಚ್ಚೆಯದು. ಮಚ್ಚೆಯ ಬಣ್ಣ ಸಹಜ ಬಣ್ಣ, ಅದು ಹೋದರೆ ಮದ್ದು ಕೆಲಸ ಮಾಡಿದೆ ಎಂದು ತಿಳಿಯುತ್ತದೆ. ಕಾಯುವ ಹೊತ್ತಿನಲ್ಲಿ ರಂಗನಾಥರು ನಮ್ಮ ಮೂರು ಕೋಣೆಯಲ್ಲಿ ಅದೆಷ್ಟು ಸಲ ತಿರುಗಿದರೋ. ಕಾಫಿ ಕೊಟ್ಟರೆ ಮುಟ್ಟಲಿಲ್ಲ. ಅವರ ತಾಳ್ಮೆಯ ಬಗ್ಗೆ ನಾನು ಆಮೇಲೆ ಬಹಳ ಸಲ ಛೇಡಿಸಿದ್ದೇನೆ, ಆವತ್ತು ಮಾತ್ರ ಛೇಡಿಸುವ ಮನಸ್ಸಾಗಲಿಲ್ಲ.

ಮೊದಲು ಮೇಷ್ಟರ ಸ್ಲೈಡ್ ಇಟ್ಟೆ. ಕಂದು ಬಣ್ಣ ಪೂರ್ತಿ ಹೋಗಿತ್ತು, ಒಗೆದು ಹಿಂಡಿದ ಬಟ್ಟೆಯ ಹಾಗೆ ಸ್ವಚ್ಛ. ಆಮೇಲೆ ನಿಂಗಮ್ಮನದು. ನೀಲಿ ಗಾಜಿನ ಬಿಳಿ ಬೆಳಕಿನಲ್ಲಿ ಪುಡಿ ಇದ್ದಲ್ಲೇ ಇತ್ತು. ಕಂದಲ್ಲ, ಒಲೆಯ ಮೇಲಿನ ಮಸಿಯಷ್ಟು ಕಪ್ಪು. ಎಲ್ಲ ಕಡೆ ತಿರುಗಿಸಿ ತಿರುಗಿಸಿ ನೋಡಿದೆ. ಮಸಿ ನುಂಗಿಕೊಂಡು ತೆಪ್ಪಗೆ ಕೂತ ಕಣಗಳು ಬಿಟ್ಟರೆ ಬೇರೇನೂ ಇಲ್ಲ. ನನಗೆ ಅಳು ಬಂತು. ನಾನು ಕಣ್ಣು ಒರೆಸಿಕೊಳ್ಳುವುದನ್ನು ನೋಡಿ ರಂಗನಾಥರು ಕೆಟ್ಟ ಸುದ್ದಿಯೇ ಎಂದುಕೊಂಡು ಗೋಡೆಗೆ ಒರಗಿದರು. "ಇಲ್ರೀ, ಉಳೀತು. ಬೆರಳು ಉಳೀತು" ಎಂದು ಕೂಗಿದೆ. ಜಯಣ್ಣನ ದನಿ ನನ್ನದಕ್ಕಿಂತ ಮುಂಚೆ ರಸ್ತೆಗೆ ಹೋಗಿತ್ತು.

ಮತ್ತೆ ಚಿತ್ರ ಕಳಿಸಿದೆವು, ಈ ಸಲ ಚಿಕ್ಕದು ಮಾಡದೆ. ಕರೆಂಟು ಹೋಗಲಿಲ್ಲ. ದಿನವೂ ಬಲೆಯ ನೂಲು ಅದೇ ಜಾಗದಲ್ಲಿ ಉಜ್ಜಿ ಉಜ್ಜಿ ಚರ್ಮ ಮುನಿಸಿಕೊಂಡು ದಪ್ಪಗಾಗಿದೆ, ಗಂಟನ್ನಷ್ಟೇ ತೆಗೆದರೆ ಸಾಕು ಎಂದು ಕುಲಕರ್ಣಿ ಮೇಡಂ ಬರೆದರು. ರಂಗನಾಥರು ಗಂಟು ತೆಗೆದರು. ಅದನ್ನು ಇಡಿಯಾಗಿ ಕೊಯ್ದು ಮತ್ತೆ ನೋಡಿದೆ, ಮಸಿಯೇ. ಅಲ್ಲಿಂದ ಮುಂದೆ ಮೈಯ ಆ ಭಾಗದ ಫೋಟೋ ಇಲ್ಲದೆ ಯಾವ ಸ್ಲೈಡಿನ ಚಿತ್ರವನ್ನೂ ನಾವು ಕಳಿಸಲಿಲ್ಲ. ಮೈಕ್ರೋಸ್ಕೋಪಿಗೆ ಸರಿಯಾದ ಕ್ಯಾಮೆರಾ ಬಂದ ಮೇಲೂ, ಮನೆಗೇ ಇಂಟರ್ನೆಟ್ಟು ಬಂದ ಮೇಲೂ ಕಳಿಸಲಿಲ್ಲ. ಮಕ್ಕಳೇ, ನಿಮ್ಮ ಸ್ಕ್ಯಾನರು ಇಡೀ ಸ್ಲೈಡನ್ನು ಕಣ್ಣು ಮಿಟುಕಿಸುವುದರಲ್ಲಿ ಸಮುದ್ರದಾಚೆ ಕಳಿಸುತ್ತದಂತೆ, ಬಹಳ ಸಂತೋಷ. ಸ್ಲೈಡಿನ ಹೊರಗೆ ಏನಿದೆ ಎಂದು ಅದಕ್ಕೆ ಗೊತ್ತಿರುವುದಿಲ್ಲ. ಎದ್ದು ಹೋಗಿ ಪಟ್ಟಿ ಬಿಚ್ಚಿ ನೋಡಬೇಕಾದವರು ನೀವೇ.

ಹೊಲಿಗೆ ಬಿಚ್ಚುವ ದಿನ ನಾನೂ ನರ್ಸಿಂಗ್ ಹೋಮಿಗೆ ಹೋಗಿದ್ದೆ. ಗಾಯ ಚೆನ್ನಾಗಿ ಒಣಗಿತ್ತು. ಚೇಳಿನ ಬಾಲ ಮಾತ್ರ ಅರ್ಧಕ್ಕೆ ನಿಂತಿತ್ತು. ನಿಂಗಮ್ಮ ಅದನ್ನು ನೋಡಿಕೊಂಡು, "ಕೊಂಡಿ ಮುರ್ದಾಕ್ಬುಟ್ರಲ್ಲ ಸಾ, ಇದಿನ್ ಯಾರ್ನ್ ಕುಟುಕ್ತದೆ?" ಎಂದಳು. ರಂಗನಾಥರು ನಗಲಿಲ್ಲ, ಅವರ ಗಮನವೆಲ್ಲ ಬೆರಳಿನ ಮೇಲಿತ್ತು. "ಎಲ್ಲಿ, ಬೆರಳು ಮಡಚು ನಿಂಗಮ್ಮ" ಎಂದರು.

ಅವಳು ಮಡಚಲಿಲ್ಲ. ಮುಖ ಸಣ್ಣ ಮಾಡಿಕೊಂಡು, "ಆಗಕಿಲ್ಲ ಸಾ" ಎಂದಳು.

"ಸ್ವಲ್ಪನೂ?"

"ಊಂಹೂಂ."

ರಂಗನಾಥರ ಮುಖದಲ್ಲಿ ರಕ್ತವೇ ಇಳಿದುಹೋಯಿತು. ನಾನ್ಯಾವ ನರ ಕುಯ್ದೆನಪ್ಪಾ ಎಂದು ಗೊಣಗುತ್ತಾ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ನೋಡಿದರು. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ, ನೋಡಿದರೆ ನಗು ತಡೆಯುತ್ತಿದ್ದಾಳೆ. ನಿಂಗಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡಳು. ಬೆರಳನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿ ಬಿಚ್ಚಿದಳು. ಆಮೇಲೆ ಅದನ್ನು ನೆಟ್ಟಗೆ ರಂಗನಾಥರ ಮೂಗಿನ ಹತ್ತಿರ ತಂದು ತೋರಿಸುತ್ತಾ ಕೇಳಿದಳು:

"ಇದನ್ನ ಬುಡುಕ್ಕೇ ಕತ್ತರುಸ್ಬೇಕು ಅಂದಿದ್ದ ಡಾಕ್ಟ್ರು ನೀವೇ ಅಲ್ವಾ ಸಾ?"